ಬೀಳುವಂತೆ ತೋರುವ, ಬೀಳದೆ ನಿಲ್ಲುವ ಕಾಗದದ ಗೊಂಬೆ

ಓಡುವ ಮನುಷ್ಯನ ಚಿತ್ರವೊಂದನ್ನು ನೋಡಿದ ಕೂಡಲೆ ಅವನು ಓಡುತ್ತಿದ್ದಾನೆಂದು ನಮಗೆ ತಿಳಿಯುತ್ತದೆ. ಚಿತ್ರ ಚಲಿಸುವುದಿಲ್ಲ, ಆದರೂ ಚಲನೆ ಅದರಲ್ಲಿ ಕಾಣುತ್ತದೆ. ಇದಕ್ಕೆ ಕಾರಣವೇನು? ಆ ಭಂಗಿಯಲ್ಲಿ ಮನುಷ್ಯನು ಹಾಗೆಯೇ ನಿಂತಿರಲಾರನೆಂಬುದು ನಮ್ಮ ಕಣ್ಣಿಗೆ ಅನುಭವದಿಂದ ಗೊತ್ತು. ನಿಲ್ಲಲಾರದುದನ್ನು ಕಂಡಾಗ ಮುಂದಿನ ಹೆಜ್ಜೆಯನ್ನು ಮನಸ್ಸು ತಾನೇ ಸೇರಿಸಿಕೊಳ್ಳುತ್ತದೆ. ಈಗ ಅದೇ ಚಿತ್ರವನ್ನು ಅಂಚಿನ ಗುಂಟ ಕತ್ತರಿಸಿ ಮೇಜಿನ ಮೇಲೆ ನಿಲ್ಲಿಸಬೇಕಾಗಿದೆಯೆಂದು ಭಾವಿಸೋಣ. ಒಡನೆಯೇ ಒಂದು ತೊಡಕು ಎದುರಾಗುತ್ತದೆ. ಚಿತ್ರವು ಬೀಳುವಂತೆ ತೋರಬೇಕು, ಕಾಗದವು ಬೀಳಬಾರದು. ಈ ಎರಡು ಬೇಡಿಕೆಗಳನ್ನು ಒಟ್ಟಿಗೆ ಪೂರೈಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಈ ತೊಡಕು ಕೇವಲ ಕಲ್ಪನೆಯದಲ್ಲ. ಬೆಂಗಳೂರಿನ ದಂಡುಪ್ರದೇಶದಲ್ಲಿ, ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್ ಮುಂತಾದ ಬಡಾವಣೆಗಳಲ್ಲಿ, ರಜಾದಿನಗಳಲ್ಲಿ ಒಟ್ಟುಗೂಡಿ ಕಲ್ಪನಾಲೋಕದ ಮೇಜಿನಾಟಗಳನ್ನು ಆಡುವ ವಿದ್ಯಾರ್ಥಿಗಳು ಈಗ ಇದ್ದಾರೆ. ಒಬ್ಬೊಬ್ಬ ಆಟಗಾರನು ಒಬ್ಬ ವೀರನ, ಮಾಂತ್ರಿಕನ, ಬಿಲ್ಲುಗಾರನ ಪಾತ್ರವನ್ನು ವಹಿಸುತ್ತಾನೆ. ದಾಳ ಉರುಳಿಸಿ ಕಾರ್ಯದ ಫಲಾಫಲವನ್ನು ನಿರ್ಣಯಿಸಲಾಗುತ್ತದೆ. ಯಾರು ಎಲ್ಲಿ ನಿಂತಿದ್ದಾರೆಂಬುದನ್ನು ಚೌಕಗಳುಳ್ಳ ಹಾಸಿನ ಮೇಲೆ ಪುಟ್ಟ ಗೊಂಬೆಗಳು ತೋರಿಸುತ್ತವೆ. ಒಂದು ಸಂಜೆಯ ಆಟಕ್ಕೆ ಇಪ್ಪತ್ತು ಮೂವತ್ತು ಗೊಂಬೆಗಳಾದರೂ ಬೇಕು. ಅಚ್ಚಿನಲ್ಲಿ ಎರಕ ಹೊಯ್ದ ಗೊಂಬೆಗಳನ್ನು ಅಷ್ಟು ಸಂಖ್ಯೆಯಲ್ಲಿ ಕೊಳ್ಳುವುದು ವಿದ್ಯಾರ್ಥಿಯ ಕಿಸೆಗೆ ಭಾರ. ಆದರೆ ಚಿತ್ರ ಬರೆದು, ಮುದ್ರಿಸಿ, ಕತ್ತರಿಸಿ ನಿಲ್ಲಿಸುವ ಕಾಗದದ ಗೊಂಬೆ ಯಾರ ಕೈಗೂ ಎಟಕುವಂಥದು. ಅದು ಚೆನ್ನಾಗಿ ನಿಂತರೆ ಆಟ ನಡೆಯುತ್ತದೆ. ಪಂಕದ ಗಾಳಿಗೆ ಮೂರು ಸಲ ಉರುಳಿದರೆ ಆಟಗಾರರಿಗೆ ಬೇಸರ ಬಂದು ಪೆಟ್ಟಿಗೆ ಸೇರುತ್ತದೆ.

ಹಳೆಯ ಬಳಗ

ಆಟಕ್ಕೆ ಪುಟ್ಟ ಸೈನ್ಯವನ್ನು ಹೂಡುವುದು ನಮ್ಮ ದೇಶಕ್ಕೆ ಹೊಸದಲ್ಲ. ಚದುರಂಗವು ಇಲ್ಲಿಯೇ ಹುಟ್ಟಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಚದುರಂಗದಲ್ಲಿಯೂ ಗಂಜೀಫ ಎಲೆಗಳಲ್ಲಿಯೂ ಅಪಾರ ಆಸಕ್ತಿಯಿತ್ತು. ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗದಲ್ಲಿ ಇಂಥ ಆಟಗಳಿಗೆ ಸ್ಥಾನ ದೊರೆತಿದೆ. ಇಂಗ್ಲೆಂಡಿನಲ್ಲಿ ವಿಜ್ಞಾನಕಥೆಗಳ ಕರ್ತೃವಾದ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಆಟಿಕೆಯ ಸಿಪಾಯಿಗಳ ಯುದ್ಧಕ್ಕೆ ನಿಯಮಗಳನ್ನು ಬರೆದನು. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಪ್ರಕಟವಾದ ಮೇಲೆ ಸೈನ್ಯದ ಸ್ಥಾನದಲ್ಲಿ ಒಬ್ಬೊಬ್ಬ ವೀರನೇ ಬಂದು ನಿಂತನು. 1980ರಲ್ಲಿ ಅದೇ ದೇಶದಲ್ಲಿ ‘ಕಾರ್ಡ್‌ಬೋರ್ಡ್ ಹೀರೋಸ್’ ಎಂಬ ಹೆಸರಿನಿಂದ ಮಡಿಸಿ ನಿಲ್ಲಿಸುವ ರಟ್ಟಿನ ಗೊಂಬೆಗಳು ಮಾರಾಟಕ್ಕೆ ಬಂದವು.

ಚಪ್ಪಟೆಯಾದ ಬೊಂಬೆಗೆ ಜೀವ ತುಂಬುವ ವಿದ್ಯೆಯಂತೂ ಕರ್ನಾಟಕಕ್ಕೆ ಬಹಳ ಹಳೆಯದು. ತೊಗಲು ಬೊಂಬೆಯಾಟದಲ್ಲಿ ಹದಮಾಡಿದ ತೆಳು ಚರ್ಮವನ್ನು ಕತ್ತರಿಸಿ, ಬಣ್ಣವಿಟ್ಟು, ಪರದೆಯ ಹಿಂದೆ ದೀಪದ ಬೆಳಕಿನಲ್ಲಿ ಆಡಿಸುತ್ತಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ತೊಗಲು ಬೊಂಬೆಗೂ ನಮ್ಮ ಕಾಗದದ ಗೊಂಬೆಗೂ ರೂಪದಲ್ಲಿ ನೆಂಟಸ್ತಿಕೆಯಿದೆ. ಭೌತಶಾಸ್ತ್ರದಲ್ಲಿ ಮಾತ್ರ ಒಂದು ಮುಖ್ಯ ವ್ಯತ್ಯಾಸವಿದೆ. ತೊಗಲು ಬೊಂಬೆಯ ಭಾರವನ್ನು ಸೂತ್ರಧಾರನ ಕೈಯ ಕಡ್ಡಿ ಹೊರುತ್ತದೆ. ಆದುದರಿಂದ ಅದು ಹಾರಬಹುದು, ವಾಲಬಹುದು, ತಲೆಕೆಳಗಾಗಬಹುದು. ಕಾಗದದ ಗೊಂಬೆಗೆ ಅಂಥ ಕೈಯಾಸರೆಯಿಲ್ಲ. ಅದು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಅಳತೆ

ಮೊದಲು ಗಾತ್ರವನ್ನು ಗೊತ್ತುಮಾಡಿಕೊಳ್ಳೋಣ. ಇಂಥ ಆಟಗಳಲ್ಲಿ ಹಾಸಿನ ಒಂದು ಅಂಗುಲದ ಚೌಕವು ನಿಜವಾದ ಐದು ಅಡಿಗಳಿಗೆ ಸಮವೆಂದು ಎಣಿಸುವುದು ರೂಢಿ. ಐದು ಅಡಿಗೆ ಅರವತ್ತು ಅಂಗುಲ. ಆದುದರಿಂದ ಪ್ರಮಾಣವು 60ಕ್ಕೆ 1. ಇದರಂತೆ 1.68 ಮೀಟರು ಎತ್ತರದ ಮನುಷ್ಯನು ಮೇಜಿನ ಮೇಲೆ 28 ಮಿಲಿಮೀಟರು ಎತ್ತರವಾಗುತ್ತಾನೆ. ರಿಚರ್ಡ್ಸ್ ಟೌನಿನಂಥ ಬಡಾವಣೆಯ ಹಳೆಯ ಬಂಗಲೆಯೊಂದನ್ನೇ ಮಾಂತ್ರಿಕನ ಮನೆಯೆಂದು ಕಲ್ಪಿಸಿಕೊಂಡರೆ, ಅದರ 2.1 ಮೀಟರಿನ ಬಾಗಿಲು 35 ಮಿಲಿಮೀಟರು, ಒಂದೂವರೆ ಮೀಟರಿನ ಕಾಂಪೌಂಡು ಗೋಡೆ 25 ಮಿಲಿಮೀಟರು, ಅಂಗಳದ 18 ಮೀಟರಿನ ಮರ 30 ಸೆಂಟಿಮೀಟರು ಆಗುತ್ತದೆ. ವಿದ್ಯಾರ್ಥಿಗಳು ತಮ್ಮ ಬೀದಿಯನ್ನೇ ಅಳೆದು ಆಟದ ಭೂಮಿಕೆಯನ್ನು ಸಿದ್ಧಪಡಿಸಿಕೊಳ್ಳಬಹುದು.

28 ಮಿಲಿಮೀಟರಿನಲ್ಲಿ ಎಷ್ಟು ಸೂಕ್ಷ್ಮ ವಿವರಗಳನ್ನು ಬರೆಯಬಹುದು? ಒಳ್ಳೆಯ ಕಣ್ಣು ಸುಮಾರು ಒಂದು ಮಿನಿಟು, ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನದ ಅಂತರವನ್ನು ಬೇರ್ಪಡಿಸಿ ನೋಡಬಲ್ಲದು. ಅರ್ಧ ಮೀಟರು ದೂರದಲ್ಲಿ ಈ ಕೋನವು ಸುಮಾರು 0.15 ಮಿಲಿಮೀಟರಿಗೆ ಸಮ. ಅದಕ್ಕಿಂತ ಹತ್ತಿರ ಹತ್ತಿರ ಎಳೆದ ಗೆರೆಗಳು ಮೇಜಿನ ಎದುರು ಕುಳಿತವನಿಗೆ ಕಲಸಿಹೋದಂತೆ ಕಾಣುತ್ತವೆ. ಅಂಗುಲಕ್ಕೆ 300 ಚುಕ್ಕೆಗಳನ್ನಿಡುವ ಮುದ್ರಣಯಂತ್ರದಲ್ಲಿ ಚುಕ್ಕೆಗಳ ಅಂತರ ಸುಮಾರು 0.085 ಮಿಲಿಮೀಟರು, ಆದುದರಿಂದ ಅದು ಈ ಕೆಲಸಕ್ಕೆ ಸಾಕು. ಆದರೆ ಅಂಥ ಮುದ್ರಣದಲ್ಲಿ ನಮ್ಮ ವೀರನ ಅಡಿಯಿಂದ ಮುಡಿಯವರೆಗೆ ಕೇವಲ 330 ಚುಕ್ಕೆಗಳಿರುತ್ತವೆ. ಕವಚದ ಒಂದೊಂದು ಬಳೆಯನ್ನೂ ಬಿಡಿಸುವುದು ವ್ಯರ್ಥಶ್ರಮ. ದಪ್ಪ ಹೊರರೇಖೆ, ಕೆಲವೇ ಬಣ್ಣಗಳು, ಸ್ಪಷ್ಟವಾದ ಭಂಗಿ, ಇವೇ ದೂರದಿಂದ ಗುರುತು ಸಿಗುವಂತೆ ಮಾಡುವ ಸಾಧನಗಳು.

ಇನ್ನೊಂದು ಮಾತು. ಆಟಗಾರನು ಗೊಂಬೆಯನ್ನು ಎದುರಿನಿಂದಲ್ಲ, ಮೇಲಿನಿಂದ ಓರೆಯಾಗಿ ನೋಡುತ್ತಾನೆ. ನೋಟವು ಅಡ್ಡಗೆರೆಯಿಂದ 40 ಡಿಗ್ರಿ ಕೆಳಕ್ಕೆ ಬಾಗಿದ್ದರೆ, ನೆಟ್ಟಗೆ ನಿಂತ ಗೊಂಬೆಯ ಎತ್ತರವು 40 ಡಿಗ್ರಿಯ ಕೊಸೈನಿನಷ್ಟು, ಎಂದರೆ ಸುಮಾರು 0.77 ಪಾಲಿಗೆ ಕುಗ್ಗಿ ಕಾಣುತ್ತದೆ. ಅಗಲ ಮಾತ್ರ ಕುಗ್ಗುವುದಿಲ್ಲ. ಹೀಗಾಗಿ ಅಳತೆಗೆ ಸರಿಯಾಗಿ ಬರೆದ ಚಿತ್ರವೂ ಮೇಜಿನ ಮೇಲೆ ಕುಳ್ಳಾಗಿ ತೋರುತ್ತದೆ. ಕಾಲುಗಳನ್ನು ಒಂದಿಷ್ಟು ಉದ್ದಮಾಡಿ, ಗುರುತು ಹಿಡಿಯಲು ಬೇಕಾದ ತಲೆಯನ್ನೂ ಕೈಗಳನ್ನೂ ಒಂದಿಷ್ಟು ಹಿಗ್ಗಿಸಿ ಬರೆದರೆ ಈ ಕೊರತೆ ನೀಗುತ್ತದೆ.

ಚಿತ್ರದಲ್ಲಿ ಚಲನೆ

ಈಗ ಚಲನೆಯ ವಿಚಾರಕ್ಕೆ ಬರೋಣ. ನೆಟ್ಟಗೆ ನಿಂತ ಮನುಷ್ಯನ ಗುರುತ್ವಕೇಂದ್ರವು ಹೊಕ್ಕುಳಿನ ಸ್ವಲ್ಪ ಕೆಳಗೆ, ಅವನ ಎತ್ತರದ ಸುಮಾರು ಶೇಕಡ 55ರಷ್ಟು ಮೇಲೆ ಇರುತ್ತದೆ. ಅಲ್ಲಿಂದ ಇಳಿಬಿಟ್ಟ ಲಂಬರೇಖೆಯು ಎರಡು ಪಾದಗಳು ಆವರಿಸಿದ ಜಾಗದೊಳಗೆ ಬಿದ್ದರೆ ಅವನು ನಿಲ್ಲುತ್ತಾನೆ. ಹೊರಗೆ ಬಿದ್ದರೆ ನಿಲ್ಲಲಾರನು. ಓಡತೊಡಗುವವನ ಲಂಬರೇಖೆ ಪಾದದಿಂದ ಮುಂದಕ್ಕೆ ಬೀಳುತ್ತದೆ. ಪೆಟ್ಟು ತಪ್ಪಿಸಿಕೊಳ್ಳುವವನದು ಹಿಂದಕ್ಕೆ ಬೀಳುತ್ತದೆ. ನಿಮ್ಮ ಚಿತ್ರದ ಮೇಲೆ ಪೆನ್ಸಿಲಿನಿಂದ ಈ ರೇಖೆಯನ್ನು ಎಳೆದು ನೋಡಿ. ರೇಖೆ ಪಾದಗಳ ನಡುವೆ ಬಿದ್ದಿದ್ದರೆ, ನೀವು ಕತ್ತಿಯನ್ನು ಎಷ್ಟೇ ಎತ್ತಿಸಿದ್ದರೂ ವೀರನು ಛಾಯಾಚಿತ್ರಕ್ಕಾಗಿ ನಿಂತವನಂತೆಯೇ ಕಾಣುವನು.

ಎರಡನೆಯ ಸಾಧನವು ಕ್ಷಣದ ಆಯ್ಕೆ. ಉಯ್ಯಾಲೆಯನ್ನು ಗಮನಿಸಿ. ಅದರ ವೇಗವು ನಡುವೆ ಅತ್ಯಧಿಕ. ಎರಡು ತುದಿಗಳಲ್ಲಿ ಸೊನ್ನೆ. ಆದುದರಿಂದ ಉಯ್ಯಾಲೆಯು ತುದಿಗಳ ಬಳಿ ಹೆಚ್ಚು ಹೊತ್ತು ಇರುತ್ತದೆ, ಕಣ್ಣಿಗೆ ಅಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ. ಕತ್ತಿ ಬೀಸುವ ತೋಳಿಗೂ ಇದೇ ನ್ಯಾಯ. ಕತ್ತಿ ತಲೆಯ ಹಿಂದೆ ಪೂರ್ಣ ಎತ್ತಿದ ಕ್ಷಣವನ್ನೋ ಬೀಸು ಮುಗಿದ ಕ್ಷಣವನ್ನೋ ಬರೆದರೆ ಚಿತ್ರ ಶಕ್ತಿಯುತವಾಗುತ್ತದೆ. ನಡುವಣ ಕ್ಷಣವನ್ನು ಬರೆದರೆ ಅದು ಬೀಸುವ ತೋಳಲ್ಲ, ಚಾಚಿದ ತೋಳು ಮಾತ್ರ.

ಮೂರನೆಯ ಸಾಧನವನ್ನು ನ್ಯೂಟನ್ನನ ಮೊದಲನೆಯ ನಿಯಮವೇ ಒದಗಿಸುತ್ತದೆ. ಬಸ್ಸು ಹೊರಟಾಗ ಪ್ರಯಾಣಿಕರು ಹಿಂದಕ್ಕೂ, ನಿಂತಾಗ ಮುಂದಕ್ಕೂ ವಾಲುವುದನ್ನು ಎಲ್ಲರೂ ಬಲ್ಲರು. ವೀರನ ಉತ್ತರೀಯ, ಕೇಶ, ಒರೆಯ ಕುಚ್ಚು ಇವು ಅವನ ದೇಹವೆಂಬ ಬಸ್ಸಿನಲ್ಲಿರುವ ಪ್ರಯಾಣಿಕರು. ಉತ್ತರೀಯವು ಹಿಂದಕ್ಕೆ ಹಾರಿದ್ದರೆ ಅವನು ಮುನ್ನುಗ್ಗುತ್ತಿದ್ದಾನೆ; ಮುಂದಕ್ಕೆ ಸುತ್ತಿಕೊಂಡಿದ್ದರೆ ಈಗತಾನೆ ತಡೆದು ನಿಂತಿದ್ದಾನೆ. ಮೈಯ ಬಾಗು ಒಂದನ್ನು, ಬಟ್ಟೆಯ ಬಾಗು ಇನ್ನೊಂದನ್ನು ಹೇಳಿದರೆ ನೋಡುವವನಿಗೆ ಕಾರಣ ತಿಳಿಯದಿದ್ದರೂ ಚಿತ್ರದಲ್ಲಿ ಏನೋ ತಪ್ಪಿದೆಯೆಂದು ಅನಿಸುತ್ತದೆ.

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರು ಬಾಗಿಲ ಪಕ್ಕದಲ್ಲಿ ಸಳನು ಮೃಗವನ್ನು ಇರಿಯುವ ಶಿಲ್ಪವನ್ನು ನೋಡಿರಬಹುದು. ಮನುಷ್ಯನೂ ಮೃಗವೂ ಎದುರುಬದುರಾಗಿ ಒಬ್ಬರ ಕಡೆಗೊಬ್ಬರು ನುಗ್ಗಿದ್ದಾರೆ. ಇಬ್ಬರನ್ನೂ ಕೂಡಿಸಿ ನೋಡಿದರೆ ಭಾರವು ನಡುವೆ ನಿಂತು ಕಲ್ಲು ಭದ್ರವಾಗಿದೆ. ಬೇರೆ ಬೇರೆಯಾಗಿ ನೋಡಿದರೆ ಇಬ್ಬರಲ್ಲಿಯೂ ಚಲನೆ ತುಂಬಿದೆ. ಕಲ್ಲಿನಲ್ಲಿ ಸಾಧಿಸಿದ ಈ ಉಪಾಯ ಕಾಗದಕ್ಕೂ ಸಲ್ಲುತ್ತದೆ. ವೀರನನ್ನೂ ರಾಕ್ಷಸನನ್ನೂ ಒಂದೇ ಪೀಠದ ಮೇಲೆ ಹೆಣೆದು ಬರೆಯಬಹುದು.

ಕಾಗದ ನಿಲ್ಲುವ ಬಗೆ

ಚಿತ್ರದ ಮನುಷ್ಯನ ಗುರುತ್ವಕೇಂದ್ರ ಬೇರೆ, ಕಾಗದದ ತುಂಡಿನ ಗುರುತ್ವಕೇಂದ್ರ ಬೇರೆ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕಾಗದದಲ್ಲಿ ವಿಸ್ತಾರವೇ ತೂಕ. ಚಿತ್ರದಲ್ಲಿ ಹಗುರವಾದ ಉತ್ತರೀಯ ಕಾಗದದಲ್ಲಿ ದೇಹದಷ್ಟೇ ತೂಗಬಹುದು. ಗಂಡಭೇರುಂಡದ ಚಿತ್ರದಲ್ಲಿ ಎಲ್ಲಕ್ಕಿಂತ ಭಾರವಾದ ಭಾಗ ಮೈಯಲ್ಲ, ರೆಕ್ಕೆ. ಕತ್ತರಿಸಿದ ಗೊಂಬೆಯ ಕೇಂದ್ರವನ್ನು ಕಂಡುಹಿಡಿಯಲು ಪ್ರೌಢಶಾಲೆಯ ಪ್ರಯೋಗವೇ ಸಾಕು. ಗೊಂಬೆಯ ಅಂಚಿನಲ್ಲಿ ಸೂಜಿ ಚುಚ್ಚಿ ಸಡಿಲವಾಗಿ ತೂಗುಹಾಕಿ. ಗಾರೆ ಕೆಲಸದವರ ತೂಗುಗುಂಡಿನಂತೆ, ಕಲ್ಲುಕಟ್ಟಿದ ದಾರವನ್ನು ಅದೇ ಸೂಜಿಯಿಂದ ಇಳಿಬಿಟ್ಟು ದಾರದ ಗುಂಟ ಗೆರೆ ಎಳೆಯಿರಿ. ಬೇರೊಂದು ಅಂಚಿನಿಂದ ತೂಗುಹಾಕಿ ಎರಡನೆಯ ಗೆರೆ ಎಳೆಯಿರಿ. ಎರಡು ಗೆರೆಗಳು ಕೂಡುವ ಬಿಂದುವೇ ಕೇಂದ್ರ.

ಈಗ ಲೆಕ್ಕಕ್ಕೆ ತೊಡಗೋಣ. ಚದರ ಮೀಟರಿಗೆ 150 ಗ್ರಾಂ ತೂಗುವ ದಪ್ಪ ಕಾಗದವನ್ನು ಎರಡಾಗಿ ಮಡಿಸಿ ಅಂಟಿಸಿದ್ದೇವೆ. ಆಯುಧವೂ ಸೇರಿ 40 ಮಿಲಿಮೀಟರು ಎತ್ತರ, 25 ಮಿಲಿಮೀಟರು ಅಗಲದ ತುಂಡು ಎಂದಿಟ್ಟುಕೊಳ್ಳೋಣ. ಲೆಕ್ಕದ ಸೌಲಭ್ಯಕ್ಕಾಗಿ ಪೂರ್ಣ ಆಯತವನ್ನೇ ತೆಗೆದುಕೊಂಡರೆ ಅದರ ವಿಸ್ತೀರ್ಣ 10 ಚದರ ಸೆಂಟಿಮೀಟರು, ತೂಕ 0.3 ಗ್ರಾಂ, ಕೇಂದ್ರದ ಎತ್ತರ 20 ಮಿಲಿಮೀಟರು. ದಪ್ಪ ಸುಮಾರು 0.4 ಮಿಲಿಮೀಟರು. ಪೀಠವಿಲ್ಲದೆ ಇದನ್ನು ಅಂಚಿನ ಮೇಲೆ ನಿಲ್ಲಿಸಿದರೆ ಎಷ್ಟು ವಾಲಿದಾಗ ಉರುಳುತ್ತದೆ? ಉರುಳುವ ಕೋನದ ಟ್ಯಾಂಜೆಂಟು ಎಂದರೆ ತಳದ ಅರ್ಧ ಅಗಲವನ್ನು ಕೇಂದ್ರದ ಎತ್ತರದಿಂದ ಭಾಗಿಸಿದ ಬೆಲೆ. ಇಲ್ಲಿ ಅದು 0.2ನ್ನು 20ರಿಂದ ಭಾಗಿಸಿದ್ದು. ಕೋನವು ಅರ್ಧ ಡಿಗ್ರಿಗಿಂತ ಸ್ವಲ್ಪವೇ ಹೆಚ್ಚು. ಉಸಿರು ತಗುಲಿದರೂ ಬಿತ್ತೆಂದೇ ಅರ್ಥ.

ಇದಕ್ಕೆ 25 ಮಿಲಿಮೀಟರು ವ್ಯಾಸ, ಒಂದೂವರೆ ಮಿಲಿಮೀಟರು ದಪ್ಪದ ರಟ್ಟಿನ ಬಿಲ್ಲೆಯನ್ನು ಪೀಠವಾಗಿ ಕೊಡೋಣ. ಅದರ ತೂಕ ಸುಮಾರು ಅರ್ಧ ಗ್ರಾಂ. ಗೊಂಬೆಯೂ ಪೀಠವೂ ಕೂಡಿದಾಗ ಕೇಂದ್ರವು 8.5 ಮಿಲಿಮೀಟರಿಗೆ ಇಳಿಯುತ್ತದೆ. ಉರುಳುವ ಕೋನ ಸುಮಾರು 56 ಡಿಗ್ರಿ. ರಟ್ಟಿನ ಬದಲು ಅದೇ ವ್ಯಾಸದ ಕಬ್ಬಿಣದ ವಾಷರನ್ನು ಬಳಸಿದರೆ? ನಡುವೆ 8 ಮಿಲಿಮೀಟರಿನ ತೂತುಳ್ಳ, ಒಂದೂವರೆ ಮಿಲಿಮೀಟರು ದಪ್ಪದ ವಾಷರು ಸುಮಾರು 5 ಗ್ರಾಂ ತೂಗುತ್ತದೆ. ಆಗ ಕೇಂದ್ರವು 2 ಮಿಲಿಮೀಟರಿಗಿಂತಲೂ ಕೆಳಗೆ ಇಳಿದು, ಉರುಳುವ ಕೋನ 81 ಡಿಗ್ರಿಯಾಗುತ್ತದೆ. ಇಂಥ ವಾಷರುಗಳು ಯಾವ ಕಬ್ಬಿಣದ ಸಾಮಾನಿನ ಅಂಗಡಿಯಲ್ಲಾದರೂ ದೊರೆಯುತ್ತವೆ. ಚನ್ನಪಟ್ಟಣದ ಗೊಂಬೆಗಳ ಸಾಲಿನಲ್ಲಿ ತಲೆಯಾಡಿಸುತ್ತ ಮತ್ತೆ ನೆಟ್ಟಗಾಗುವ ಬೊಂಬೆಯನ್ನು ಕಂಡವರಿಗೆ, ಬುಡದ ಭಾರದ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ.

ಈ ಪೀಠವೇ ನಮ್ಮ ಮೂಲ ತೊಡಕನ್ನೂ ಬಿಡಿಸುತ್ತದೆ. ಗೊಂಬೆಯು ಒಂದು ಪಕ್ಕಕ್ಕೆ ವಾಲಿದೆ, ಅದರ ಕೇಂದ್ರವು ಪೀಠದ ಮಧ್ಯದಿಂದ ಸ್ವಲ್ಪ ದೂರ ಸರಿದಿದೆ ಎನ್ನೋಣ. ಒಟ್ಟು ಕೇಂದ್ರವು ಪೀಠದ ಅಂಚಿನೊಳಗೆ, ಎಂದರೆ ಮಧ್ಯದಿಂದ 12.5 ಮಿಲಿಮೀಟರಿನೊಳಗೆ ಇದ್ದರೆ ಸಾಕು. ಗೊಂಬೆಯ ತೂಕ 0.3 ಗ್ರಾಂ, ಒಟ್ಟು ತೂಕ 0.8 ಗ್ರಾಂ ಆದುದರಿಂದ ರಟ್ಟಿನ ಪೀಠದ ಮೇಲೆ ಗೊಂಬೆಯ ಕೇಂದ್ರವು 33 ಮಿಲಿಮೀಟರಿನವರೆಗೆ ಸರಿಯಬಹುದು. ವಾಷರಿನ ಪೀಠದಲ್ಲಿ ಈ ಮಿತಿ 220 ಮಿಲಿಮೀಟರನ್ನು ದಾಟುತ್ತದೆ. ಅಷ್ಟು ದೂರ ಚಾಚುವ ಗೊಂಬೆಯನ್ನು ಯಾರೂ ಬರೆಯಲಾರರು. ಚಿತ್ರದಲ್ಲಿ ವೀರನು ಬಿದ್ದೇ ಬೀಳಬೇಕಾದ ಭಂಗಿಯಲ್ಲಿದ್ದರೂ ಮೇಜಿನ ಮೇಲೆ ಅವನು ನಿಶ್ಚಿಂತನಾಗಿ ನಿಲ್ಲುತ್ತಾನೆ. ತೊಗಲು ಬೊಂಬೆಗೆ ಸೂತ್ರಧಾರನ ಕೈ ಮಾಡುವ ಉಪಕಾರವನ್ನು ಕಾಗದದ ಗೊಂಬೆಗೆ ಐದು ಗ್ರಾಂ ಕಬ್ಬಿಣ ಮಾಡುತ್ತದೆ. ಪೀಠವನ್ನು ಹಸಿರೋ ಕಪ್ಪೋ ಬಣ್ಣದಿಂದ ಮರೆಸಿದರೆ ಕಣ್ಣು ಅದನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ.

ಗಾಳಿಯ ಪರೀಕ್ಷೆ

ಮೇಜು ಸಮವಾಗಿದ್ದರೆ ಸಾಲದು, ಗಾಳಿಯೂ ಇದೆ. ಗೊಂಬೆಯ ಮುಖಕ್ಕೆ ನೇರವಾಗಿ ಬೀಸುವ ಗಾಳಿಯ ಒತ್ತಡವು ಗಾಳಿಯ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ತುಸು ತೆಳು, ಘನಮೀಟರಿಗೆ 1.1 ಕಿಲೋಗ್ರಾಂ ಎಂದು ಹಿಡಿಯಬಹುದು. ಚಪ್ಪಟೆ ಹಲಗೆಗೆ ಸಲ್ಲುವ ತಡೆಯ ಗುಣಕವನ್ನು 1.2 ಎಂದು ತೆಗೆದುಕೊಂಡರೆ, ಸೆಕೆಂಡಿಗೆ 2 ಮೀಟರು ವೇಗದ ಗಾಳಿಯು ನಮ್ಮ 10 ಚದರ ಸೆಂಟಿಮೀಟರಿನ ಗೊಂಬೆಯನ್ನು ಸುಮಾರು 0.0026 ನ್ಯೂಟನ್ ಬಲದಿಂದ ತಳ್ಳುತ್ತದೆ. ಬಲವನ್ನು ಅದು ವರ್ತಿಸುವ ಎತ್ತರದಿಂದ ಗುಣಿಸಿದರೆ ಉರುಳಿಸುವ ಭ್ರಾಮಕ ಬರುತ್ತದೆ; ಒಟ್ಟು ಭಾರವನ್ನು ಪೀಠದ ಅರ್ಧವ್ಯಾಸದಿಂದ ಗುಣಿಸಿದರೆ ಎದುರಿಸುವ ಭ್ರಾಮಕ ಬರುತ್ತದೆ. ಎರಡೂ ಸಮನಾಗುವ ವೇಗವನ್ನು ಲೆಕ್ಕ ಹಾಕಿದರೆ, ರಟ್ಟಿನ ಪೀಠದ ಗೊಂಬೆ ಸೆಕೆಂಡಿಗೆ 2.6 ಮೀಟರಿನ ಗಾಳಿಗೆ ಉರುಳುತ್ತದೆ. ವಾಷರಿನ ಪೀಠದ್ದು 6.8 ಮೀಟರಿನವರೆಗೆ ತಾಳುತ್ತದೆ. ಮೊದಲನೆಯದು ಗಂಟೆಗೆ 9 ಕಿಲೋಮೀಟರಿನ ಮಂದಮಾರುತ; ಛಾವಣಿಯ ಪಂಕದ ಕೆಳಗೆ ಅಷ್ಟು ಗಾಳಿ ಸುಲಭವಾಗಿ ಇರುತ್ತದೆ. ಎರಡನೆಯದು ಗಂಟೆಗೆ 24 ಕಿಲೋಮೀಟರು. ರಿಚರ್ಡ್ಸ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಸಂಜೆಯ ತಂಗಾಳಿಯಲ್ಲಿ ಆಟ ಹೂಡುವುದಕ್ಕೂ ಅದು ಸಾಲುತ್ತದೆ.

ನುಣುಪಾದ ಮೇಜಿನ ಮೇಲೆ ಗೊಂಬೆಯು ಉರುಳುವ ಮೊದಲೇ ಜಾರುವುದುಂಟು. ಘರ್ಷಣಗುಣಕವು 12.5ನ್ನು 21.5ರಿಂದ ಭಾಗಿಸಿದ ಬೆಲೆಗಿಂತ, ಎಂದರೆ ಸುಮಾರು 0.58ಕ್ಕಿಂತ ಕಡಮೆಯಿದ್ದರೆ ಜಾರುವಿಕೆಯೇ ಮೊದಲು. ಆಟದ ಹಾಸು ಒರಟು ಬಟ್ಟೆಯದಾಗಿದ್ದರೆ ಅಥವಾ ಪೀಠದ ಅಡಿಗೆ ಸೈಕಲ್ ಟ್ಯೂಬಿನ ತುಣುಕನ್ನು ಅಂಟಿಸಿದರೆ ಈ ಕಾಟ ತಪ್ಪುತ್ತದೆ.

ಕಾಗದದ ಬಿಗುಪು

ಪೀಠ ಭದ್ರವಾದ ಮೇಲೆ ಉಳಿಯುವುದು ಕಾಗದವೇ ಬಾಗದಂತೆ ನೋಡಿಕೊಳ್ಳುವ ಕೆಲಸ. ಹಾಳೆಯ ಬಿಗುಪು ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ಎರಡು ಹಾಳೆಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಬಿಗುಪು ಎರಡರಷ್ಟೇ ಆಗುತ್ತದೆ, ಏಕೆಂದರೆ ಬಾಗುವಾಗ ಒಂದರ ಮೇಲೊಂದು ಜಾರುತ್ತದೆ. ಪೂರ್ತಿಯಾಗಿ ಅಂಟಿಸಿದರೆ ಜಾರಲು ಎಡೆಯಿಲ್ಲ, ಬಿಗುಪು ಎಂಟರಷ್ಟಾಗುತ್ತದೆ. ಒಂದು ತೊಟ್ಟು ಅಂಟಿನಿಂದ ನಾಲ್ಕು ಪಟ್ಟು ಲಾಭ! ಆದರೆ ಅಂಟು ತೆಳುವಾಗಿ, ಎಲ್ಲೆಡೆ ಸಮವಾಗಿ ಹರಡಿರಬೇಕು. ಒಣಗುವವರೆಗೆ ದಪ್ಪ ಪುಸ್ತಕಗಳ ಅಡಿಯಲ್ಲಿ ಇಡಬೇಕು.

ಕಾಗದಕ್ಕೆ ಮರದಂತೆ ನಾರಿನ ದಿಕ್ಕೂ ಇದೆ. ಕಾರ್ಖಾನೆಯಲ್ಲಿ ಚಲಿಸುವ ಜಾಲರಿಯ ಮೇಲೆ ತಿಳಿಯಾದ ನಾರಿನ ತಿರುಳು ಹರಿದು ಹಾಳೆಯಾಗುವಾಗ ಹೆಚ್ಚಿನ ನಾರುಗಳು ಜಾಲರಿ ಓಡುವ ದಿಕ್ಕಿನಲ್ಲಿ ಮಲಗುತ್ತವೆ. ಆ ದಿಕ್ಕಿನಲ್ಲಿ ಕಾಗದ ಹೆಚ್ಚು ಬಿಗಿ. ಒಂದೇ ಹಾಳೆಯಿಂದ ಉದ್ದಕ್ಕೊಂದು, ಅಡ್ಡಕ್ಕೊಂದು ಸಮ ಅಳತೆಯ ಪಟ್ಟಿಗಳನ್ನು ಕತ್ತರಿಸಿ, ಒಂದು ತುದಿಯಲ್ಲಿ ಒಟ್ಟಿಗೆ ಹಿಡಿದು ಅಡ್ಡಲಾಗಿ ಚಾಚಿ. ಹೆಚ್ಚು ಜೋತುಬಿದ್ದ ಪಟ್ಟಿಯಲ್ಲಿ ನಾರು ಅಡ್ಡವಾಗಿದೆ. ಗೊಂಬೆಯ ಎತ್ತರವು ಜೋತುಬೀಳದ ಪಟ್ಟಿಯ ದಿಕ್ಕಿಗೆ ಬರುವಂತೆ ಮುದ್ರಿಸಬೇಕು. ಮಳೆಗಾಲದಲ್ಲಿ ಇದರ ಮಹತ್ವ ಇನ್ನೂ ಹೆಚ್ಚು. ತೇವ ಹೀರಿದ ನಾರು ಉದ್ದಕ್ಕಿಂತ ದಪ್ಪದಲ್ಲಿ ಬಹಳ ಉಬ್ಬುವುದರಿಂದ ಕಾಗದವು ನಾರಿಗೆ ಅಡ್ಡವಾಗಿ ಹಿಗ್ಗುತ್ತದೆ. ನಾರು ಮಲಗಿದ್ದರೆ ಗೊಂಬೆ ನಮಸ್ಕಾರ ಮಾಡುವಂತೆ ಬಾಗುತ್ತದೆ. ನಾರು ನಿಂತಿದ್ದರೆ ನಿಲುವು ಕೆಡುವುದಿಲ್ಲ.

ಎಲ್ಲಕ್ಕಿಂತ ದುರ್ಬಲವಾದ ಜಾಗ ಕಣಕಾಲು. ಎರಡು ಮಿಲಿಮೀಟರು ಅಗಲದ ಒಂದೇ ಕಾಲಿನ ಮೇಲೆ ಗೊಂಬೆಯನ್ನು ನಿಲ್ಲಿಸಿದರೆ, ಪೀಠವೆಷ್ಟು ಭಾರವಾಗಿದ್ದರೂ ಮೈ ತೂಗಾಡುತ್ತದೆ. ಇದಕ್ಕೆ ಚಿತ್ರಕಾರನೇ ಔಷಧ ಕೊಡಬೇಕು. ಕಾಲ ಹಿಂದೆ ಒಂದು ಬಂಡೆ, ಪೊದೆ, ಎದ್ದ ಧೂಳು, ನೆಲ ಮುಟ್ಟುವ ಉತ್ತರೀಯ, ಏನನ್ನಾದರೂ ಬರೆದು ಅದನ್ನು ಕತ್ತರಿಸದೆ ಉಳಿಸಬೇಕು. ನೆಗೆದ ವೀರನೂ ಹಾರುವ ಬೇತಾಳನೂ ಹೀಗೆಯೇ ನೆಲಕ್ಕೆ ಬಂಧಿತರಾಗುತ್ತಾರೆ. ರೆಕ್ಕೆಗಳ ನಡುವೆ ಮೇಲಿಂದ ಕೆಳಕ್ಕೆ ಒಂದು ಹಗುರವಾದ ಮಡಿಕೆ ಹಾಕಿದರೂ ಬಿಗುಪು ಬಹಳ ಏರುತ್ತದೆ. ಜೋತುಬೀಳುವ ಹಾಳೆಯನ್ನು ಉದ್ದಕ್ಕೆ ಮಡಿಸಿದಾಗ ಅದು ನೆಟ್ಟಗಾಗುವುದನ್ನು ಪರೀಕ್ಷಿಸಿ ನೋಡಬಹುದು.

ಮುಂಬದಿ, ಹಿಂಬದಿ

ಗೊಂಬೆಗೆ ಬೆನ್ನೂ ಬೇಕು. ತಲೆಯ ಮೇಲಿನ ಗೆರೆಯಲ್ಲಿ ಹಾಳೆಯನ್ನು ಮಡಿಸುವುದಾದರೆ, ಮುಂಬದಿಯ ಚಿತ್ರವನ್ನು ಗೆರೆಯ ಕೆಳಗೂ ಹಿಂಬದಿಯ ಚಿತ್ರವನ್ನು ಮೇಲೂ ಮುದ್ರಿಸಬೇಕು. ಹಿಂಬದಿಯ ಹೊರರೇಖೆಯು ಮುಂಬದಿಯದಕ್ಕೆ, ನಿಂತ ನೀರಿನಲ್ಲಿ ಕಾಣುವ ದಡದ ಮರದ ಪ್ರತಿಬಿಂಬದಂತೆ ಇರಬೇಕು. ಹಾಳೆಯನ್ನು ಅರ್ಧ ಸುತ್ತು ತಿರುಗಿಸಿ ಅದೇ ಹೊರರೇಖೆಯನ್ನು ಬರೆದರೆ, ಮಡಿಸಿದಾಗ ಕತ್ತಿ ಒಂದು ಕಡೆಗೂ ಅದರ ಬೆನ್ನು ಇನ್ನೊಂದು ಕಡೆಗೂ ಹೋಗುತ್ತದೆ. ತಿರುಗಿಸುವುದು ಬೇರೆ, ಪ್ರತಿಬಿಂಬಿಸುವುದು ಬೇರೆ. ದರ್ಪಣದ ಪಾಠವನ್ನು ಓದಿದವರು ಇದನ್ನು ಮರೆಯಬಾರದು. ಪ್ರತಿಬಿಂಬದ ಕ್ರಮದಲ್ಲಿ ಬಲಗೈಯ ಕತ್ತಿ ಬೆನ್ನಿನ ಕಡೆಯಿಂದಲೂ ಬಲಗೈಯಲ್ಲಿಯೇ ಇರುತ್ತದೆ. ಕತ್ತರಿ ತುಸು ಓಡಿದರೂ ಚಿತ್ರ ಕೆಡದಂತೆ ಸುತ್ತಲೂ ಒಂದು ಮಿಲಿಮೀಟರಿನ ಕಪ್ಪು ಅಂಚನ್ನು ಬಿಡುವುದು ಲೇಸು.

ಚಪ್ಪಟೆ ಗೊಂಬೆಗೆ ಒಂದು ಕೊರತೆ ಉಳಿಯುತ್ತದೆ. ಪಕ್ಕದಲ್ಲಿ ಕುಳಿತ ಆಟಗಾರನಿಗೆ ಅದು ಬರಿಯ ಗೆರೆ. ನೇರ ನೋಟದಿಂದ 60 ಡಿಗ್ರಿ ಸರಿದವನಿಗೆ ಅಗಲ ಅರ್ಧವಾಗುತ್ತದೆ. 90 ಡಿಗ್ರಿ ಸರಿದವನಿಗೆ ಸೊನ್ನೆ. ಒಂದೇ ಅಗಲದ ಎರಡು ತುಂಡುಗಳಲ್ಲಿ ಸೀಳು ಮಾಡಿ, ಕೂಡುಚಿಹ್ನೆಯಂತೆ ಒಂದರೊಳಗೊಂದು ಸೇರಿಸಿದರೆ ಯಾವ ದಿಕ್ಕಿನಿಂದ ನೋಡಿದರೂ ಅಗಲವು ಶೇಕಡ 70ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮರಗಳಿಗೆ, ಕಂಬಗಳಿಗೆ, ಬೆಂಕಿಯ ಜ್ವಾಲೆಗೆ ಈ ವಿಧಾನ ಬಹಳ ಒಪ್ಪುತ್ತದೆ.

ಗುರುತ್ವಕೇಂದ್ರ, ಭ್ರಾಮಕ, ಘರ್ಷಣೆ, ಪ್ರತಿಬಿಂಬ ಇವೆಲ್ಲ ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದಿ, ಪರೀಕ್ಷೆಯ ಮರುದಿನ ಮರೆಯುವ ಪಾಠಗಳು. ಕೈಯಲ್ಲಿ ಕತ್ತರಿಯೂ ಎದುರಿಗೆ ಉರುಳಿಬಿದ್ದ ಗೊಂಬೆಯೂ ಇದ್ದಾಗ ಅವೇ ಪಾಠಗಳು ಅವಶ್ಯಕತೆಯಾಗುತ್ತವೆ. ಅವಶ್ಯಕತೆಯಾಗಿ ಕಲಿತುದನ್ನು ಮರೆಯುವುದು ಕಷ್ಟ.

ಅಭ್ಯಾಸಕ್ಕಾಗಿ

1. ರಟ್ಟಿನ ಪೀಠದ ವ್ಯಾಸವನ್ನು 25ರಿಂದ 50 ಮಿಲಿಮೀಟರಿಗೆ ಏರಿಸಿ, ದಪ್ಪವನ್ನೂ ಗೊಂಬೆಯನ್ನೂ ಮೊದಲಿನಂತೆಯೇ ಇಟ್ಟರೆ, ಗಾಳಿಯನ್ನು ಎದುರಿಸುವ ಭ್ರಾಮಕ ಎಷ್ಟು ಪಟ್ಟು ಏರುತ್ತದೆ? (ಉತ್ತರ: ಐದೂ ಮುಕ್ಕಾಲು ಪಟ್ಟು.)

2. ಗೊಂಬೆ ಮತ್ತು ಪೀಠದ ಎಲ್ಲ ಅಳತೆಗಳನ್ನೂ, ಕಾಗದದ ದಪ್ಪವನ್ನೂ ಸೇರಿಸಿ, ಎರಡರಷ್ಟು ಮಾಡಿದರೆ ಅದು ತಾಳಬಲ್ಲ ಗಾಳಿಯ ವೇಗ ಎಷ್ಟು ಪಟ್ಟಾಗುತ್ತದೆ? ದೊಡ್ಡ ಗೊಂಬೆ ಚಿಕ್ಕದಕ್ಕಿಂತ ಭದ್ರವಾಗಿರಲು ಕಾರಣವನ್ನು ತಿಳಿಸಿ. (ಉತ್ತರ: 2ರ ವರ್ಗಮೂಲದಷ್ಟು, ಎಂದರೆ ಸುಮಾರು 1.41 ಪಟ್ಟು.)

3. ಕರಾವಳಿಯ ಮಂಗಳೂರಿನಲ್ಲಿ ಗಾಳಿಯ ಸಾಂದ್ರತೆಯನ್ನು ಘನಮೀಟರಿಗೆ 1.2 ಕಿಲೋಗ್ರಾಂ ಎಂದು ಹಿಡಿದು, ಅಲ್ಲಿ ರಟ್ಟಿನ ಪೀಠದ ಗೊಂಬೆ ಯಾವ ವೇಗದ ಗಾಳಿಗೆ ಉರುಳುತ್ತದೆಂಬುದನ್ನು ಲೆಕ್ಕ ಹಾಕಿ. (ಉತ್ತರ: ಸೆಕೆಂಡಿಗೆ ಸುಮಾರು 2.5 ಮೀಟರು.)

4. ಎಡಕ್ಕೆ ಓಡುತ್ತಿದ್ದವನು ಥಟ್ಟನೆ ನಿಂತ ಕ್ಷಣವನ್ನು ಬರೆಯಿರಿ. ಅವನ ಮೈ, ಕೇಶ, ಉತ್ತರೀಯಗಳು ಯಾವ ಯಾವ ಕಡೆಗೆ ಬಾಗಿರಬೇಕು? ಬರೆದು, ಕತ್ತರಿಸಿ, ಪೀಠಕ್ಕೆ ಅಂಟಿಸಿ, ಪಂಕದ ಕೆಳಗಿಟ್ಟು ನೋಡಿ.